ವಲ್ಲಿಯ ಕೆಳಗಿನ ಮಾತು

ಗಂಡನ ಹೆಸರನ್ನು ಹೆಂಡತಿ ಹೇಳಬಾರದು, ಅದು ರೂಢಿ. ಆದರೆ ಗಂಡನಿಗೇ ತನ್ನ ಹೆಸರು ಹೇಳಲು ಬಾರದಿದ್ದರೆ ಬಂದವರಿಗೆ ಉತ್ತರ ಕೊಡುವವರು ಯಾರು? ಇದಕ್ಕೆ ನಮ್ಮ ಹಿರಿಯರು ಯಾವ ಏರ್ಪಾಡನ್ನೂ ಮಾಡಿ ಹೋಗಿಲ್ಲ. ನೆಹರೂ ತೀರಿಕೊಂಡ ಮರುವರ್ಷ, ಹತ್ತಿ ಸುಗ್ಗಿಯ ಕಾಲದಲ್ಲಿ, ದಾವಣಗೆರೆಯ ಕೆ.ಬಿ. ಬಡಾವಣೆಯ ಒಂದು ಮನೆಯ ಪಡಸಾಲೆಯಲ್ಲಿ ಈ ಪೇಚು ಎದುರಾಯಿತು. ಮೈಸೂರಿನ ವಿಶ್ವವಿದ್ಯಾನಿಲಯದಿಂದ ಬಂದ ಕಮಲ ಎಂಬ ಹೆಣ್ಣುಮಗಳು ಚಾಪೆಯ ಮೇಲೆ ಕೂತು, ಪೆನ್ನಿನ ಮುಚ್ಚಳ ತೆಗೆದು, "ಯಜಮಾನರ ಹೆಸರೇನ್ರಿ?" ಎಂದು ಕೇಳಿದ್ದಳು.

ಯಜಮಾನ ಬಾಯಿ ತೆರೆದ. ಮೊದಲ ಅಕ್ಷರ ಗಂಟಲವರೆಗೆ ಬಂದು ಅಲ್ಲೇ ಕಚ್ಚಿಕೊಂಡಿತು. ಕತ್ತಿನ ನರ ಉಬ್ಬಿತು, ಕಣ್ಣು ಮುಚ್ಚಿಕೊಂಡವು, ಬಲಗಾಲು ನೆಲವನ್ನು ತಟ್ಟತೊಡಗಿತು. ಹೆಂಡತಿ ಕಸ್ತೂರಮ್ಮ ಗಂಡನ ಮುಖವನ್ನೊಮ್ಮೆ, ಬಂದವಳ ಮುಖವನ್ನೊಮ್ಮೆ ನೋಡಿದಳು. ಮಕ್ಕಳು ಶಾಲೆಗೆ ಹೋಗಿದ್ದರು. ಮನೆಯಲ್ಲಿ ಹೆಸರು ಹೇಳಬಲ್ಲ ಇನ್ನೊಂದು ನರಪಿಳ್ಳೆ ಇರಲಿಲ್ಲ.

"ಉಕ್ಕಡಗಾತ್ರಿ ಅಜ್ಜಯ್ಯನ ಹೆಸರೇ ನಮ್ಮನೆಯವರ್ದು," ಎಂದಳು ಕೊನೆಗೆ. "ಹಿಂದೆ ಒಂದು ರಾಜ ಹಚ್ಕಳ್ರಿ."

ಕಮಲ ಪಕ್ಕದ ಹರಿಹರದವಳು, ಆ ಸೀಮೆಯ ದೇವರ ಹೆಸರುಗಳೆಲ್ಲ ಗೊತ್ತಿದ್ದವಳು. ಅವಳಿಗೆ ಅಷ್ಟು ಸಾಕಾಗಿತ್ತು. ಕರಿಬಸವರಾಜ ಎಂದು ಬರೆದುಕೊಂಡಳು.

ಊರಲ್ಲಿ ಉಗ್ಗುವವರು ಯಾರಿದ್ದಾರೆ ಎಂದು ಅವಳು ವಿಚಾರಿಸಿದಾಗ ಹತ್ತಿ ಮಾರುಕಟ್ಟೆಗೆ ಮಾರುಕಟ್ಟೆಯೇ ಈ ಮನೆಯ ಕಡೆ ಬೆರಳು ಮಾಡಿತ್ತು. ನಮ್ಮ ಜನ ಅಷ್ಟರಮಟ್ಟಿಗೆ ಪರೋಪಕಾರಿಗಳು. ಕರಿಬಸವರಾಜನಿಗೆ ಆಗ ನಲವತ್ತರ ಆಸುಪಾಸು. ರೈತರು ತಂದ ಹತ್ತಿಯನ್ನು ಕೊಂಡು, ಜಿನ್ನಿನಲ್ಲಿ ಬೀಜ ಬಿಡಿಸಿ, ಮಿಲ್ಲುಗಳಿಗೆ ಒಪ್ಪಿಸುವುದು ಅವನ ವ್ಯಾಪಾರ. ಹತ್ತಿಯ ಎಳೆಯನ್ನು ಬೆರಳಲ್ಲಿ ಎಳೆದು ನೋಡಿದರೆ ಸಾಕು, ಯಾವ ಊರಿನ ಹೊಲ ಎಂದು ಗೊತ್ತಾಗುತ್ತಿತ್ತು. ಆದರೆ ಅದನ್ನು ಹೇಳಲು ಹೋದರೆ ಎದುರಿನವರು ಬಸ್ಸು ತಪ್ಪಿಸಿಕೊಳ್ಳುತ್ತಿದ್ದರು. ಚಿಕ್ಕಂದಿನಲ್ಲಿ ಅವನ ಅವ್ವ ಬಜೆಯ ಬೇರನ್ನು ಜೇನುತುಪ್ಪದಲ್ಲಿ ತೇದು ನಾಲಗೆಗೆ ಹಚ್ಚಿ ಹಚ್ಚಿ ನಾಲಗೆಯ ರುಚಿಯೇ ಕೆಟ್ಟಿತ್ತು. ಮೇಷ್ಟರು ಹೊಡೆದು ನೋಡಿದ್ದರು. ನಾಲಗೆಯ ಕೆಳಗೆ ಹೊಳೆಯ ಕಲ್ಲು ಇಟ್ಟುಕೋ ಎಂದು ಯಾರೋ ಹೇಳಿದ್ದಕ್ಕೆ ಒಂದು ಕಲ್ಲನ್ನು ನುಂಗಿಯೂ ಆಗಿತ್ತು. ಉಗ್ಗು ಮಾತ್ರ ಹೋಗಲಿಲ್ಲ.

ಬಾಯಿದ್ದವನು ಬರದಲ್ಲೂ ಬದುಕಿದ ಎನ್ನುತ್ತಾರೆ. ಬಾಯಿಲ್ಲದ ಕರಿಬಸವರಾಜ ಬದುಕಿದ್ದು ವಲ್ಲಿಯ ದೆಸೆಯಿಂದ. ಆಗ ಹತ್ತಿಯ ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ದಲಾಲಿ ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಕೈ ಮೇಲೆ ಹರಡುತ್ತಿದ್ದ. ಕೊಳ್ಳುವವನು ಅದರ ಕೆಳಗೆ ಕೈ ತೂರಿಸಿ ದಲಾಲಿಯ ಬೆರಳು ಹಿಡಿಯುತ್ತಿದ್ದ. ಎಷ್ಟು ಬೆರಳು ಹಿಡಿದ, ಹೇಗೆ ಹಿಸುಕಿದ ಎಂಬುದೇ ದರ. ಒಬ್ಬರಾದ ಮೇಲೊಬ್ಬರು ಕೈ ಹಾಕುತ್ತಿದ್ದರು. ಯಾರು ಹೆಚ್ಚು ಹಿಡಿದರೋ ಅವರಿಗೆ ಹತ್ತಿ. ನಡುವೆ ಒಂದು ಪಿಟ್ಟೆಂಬ ಮಾತಿಲ್ಲ. ಅಲ್ಲಿ ಕರಿಬಸವರಾಜ ಯಾರಿಗೂ ಕಡಿಮೆಯವನಾಗಿರಲಿಲ್ಲ. ಅವನ ಬೆರಳು ಎಂದೂ ತಡವರಿಸುತ್ತಿರಲಿಲ್ಲ. ಮನೆಯಲ್ಲಿ, ಮದುವೆಯಲ್ಲಿ, ಬ್ಯಾಂಕಿನಲ್ಲಿ ಎಲ್ಲೆಲ್ಲೂ ತಲೆ ತಗ್ಗಿಸಿ ನಿಲ್ಲುತ್ತಿದ್ದ ಮನುಷ್ಯ ಮಾರುಕಟ್ಟೆಯ ಅಂಗಳಕ್ಕೆ ಬಂದರೆ ಎದೆ ಸೆಟೆಸಿ ನಡೆಯುತ್ತಿದ್ದ.

ಆ ಸುಗ್ಗಿಯಲ್ಲಿ ಮಾರುಕಟ್ಟೆ ಸಮಿತಿ ವಲ್ಲಿಯನ್ನು ನಿಷೇಧಿಸಿತು. ಬಟ್ಟೆಯ ಕೆಳಗೆ ಏನು ನಡೆಯುತ್ತದೆಂದು ರೈತನಿಗೆ ಕಾಣುವುದಿಲ್ಲ, ದಲಾಲಿ ಹೇಳಿದ್ದೇ ದರ, ಇದು ಮೋಸಕ್ಕೆ ದಾರಿ ಎಂದರು. ಸುಳ್ಳಲ್ಲ. ಕರಿಬಸವರಾಜನಿಗೇ ಅದು ಗೊತ್ತಿತ್ತು. ಇನ್ನು ಮುಂದೆ ಎಲ್ಲರೂ ಬಾಯಿಬಿಟ್ಟು ಸವಾಲು ಕೂಗಬೇಕು, ಗುಮಾಸ್ತ ಮೂರು ಸಲ ಕೇಳುತ್ತಾನೆ, ಮೂರನೇ ಸಲದೊಳಗೆ ಮೇಲಿನ ಸವಾಲು ಬರದಿದ್ದರೆ ಮುಗಿಯಿತು ಎಂದು ಕಾಯಿದೆಯಾಯಿತು. ಯುಗಾದಿಗೆ ಮುಂಚೆಯೇ ಜಾರಿ. ಊರೆಲ್ಲ ಒಳ್ಳೆಯದಾಯಿತು ಎಂದಿತು. ಒಳ್ಳೆಯ ಕಾಯಿದೆಯೂ ಯಾರದೋ ಒಬ್ಬರ ಕತ್ತಿನ ಮೇಲೆ ಕೂತೇ ಊರಿಗೆ ಬರುತ್ತದೆ.

ಕರಿಬಸವರಾಜನ ಹತ್ತಿ ಮಂಡಿಯಲ್ಲಿ ಕಸ್ತೂರಮ್ಮನ ತಮ್ಮ ಬಕ್ಕೇಶಪ್ಪನ ಪಾಲೂ ಇತ್ತು. ಲೆಕ್ಕಪತ್ರ ಅವನದು, ಅಂಗಳದ ವ್ಯಾಪಾರ ಭಾವನದು. ಬಕ್ಕೇಶಪ್ಪನ ಮಾತು ಕೇಳಿದರೆ ಮಂಡಕ್ಕಿ ಹುರಿದ ಹಾಗಿರುತ್ತಿತ್ತು. "ಭಾವ, ಕೂಗೋ ಕೆಲ್ಸ ನಂಗೆ ಬಿಡ್ರಿ. ನೀವು ಒಳಗೆ ಕುಂತು ತೂಕ ನೋಡ್ಕಳ್ರಿ. ಯಾಕ ಸುಮ್ನೆ ಎಲ್ಲಾರ ಮುಂದೆ ತೊಂದ್ರೆ ಪಡ್ತೀರಿ," ಎಂದ. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ. ಅದಕ್ಕೇ ಅದು ಇನ್ನಷ್ಟು ಚುಚ್ಚಿತು. ಇದ್ದ ಒಂದು ಅಂಗಳವೂ ಹೋದರೆ ತಾನು ಗೋಡೆಗೆ ಹಾಕಿದ ಗೂಟ ಎಂದು ಕರಿಬಸವರಾಜನಿಗೆ ಅನಿಸಿತು.

ಕಮಲ ಬಂದದ್ದು ಇಂಥ ಹೊತ್ತಿಗೆ. ಅವಳ ಕೈಯಲ್ಲಿ ಒಂದು ಭಾರವಾದ ಪೆಟ್ಟಿಗೆ ಇತ್ತು. ಮುಚ್ಚಳ ತೆಗೆದರೆ ಎರಡು ಚಕ್ರ, ನಡುವೆ ಕಂದು ಪಟ್ಟಿ. ಆಡಿದ ಮಾತನ್ನು ಹಿಡಿದಿಟ್ಟು ಮತ್ತೆ ಆಡಿಸುವ ಟೇಪ್ ರೆಕಾರ್ಡರು. ಅವಳ ಪ್ರೊಫೆಸರು ಅಮೆರಿಕದಲ್ಲಿ ಕಲಿತು ಬಂದವರು. ಉಗ್ಗು ಶಾಪವಲ್ಲ, ಪಾಪವಲ್ಲ, ನಾಲಗೆಯ ದೋಷವೂ ಅಲ್ಲ, ಅಭ್ಯಾಸದಿಂದ ತಿದ್ದಬಹುದು ಎಂದು ತೋರಿಸುವುದಕ್ಕೆ ಅವಳಿಗೆ ಉಗ್ಗುವವರು ಬೇಕಾಗಿದ್ದರು.

"ಯುಗಾದಿ ಒಳಗೆ ಹೋಗಿಸ್ತೀರಾ?" ಎಂದು ಕೇಳುವುದಕ್ಕೆ ಕರಿಬಸವರಾಜನಿಗೆ ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಹಿಡಿಯಿತು. ವಿಚಿತ್ರವೆಂದರೆ ಅವಳು ಕಾದಳು. ನಡುವೆ ಬಾಯಿ ಹಾಕಿ ಅವನ ಮಾತನ್ನು ತಾನೇ ಮುಗಿಸಲಿಲ್ಲ, ಗೋಡೆಯ ಕ್ಯಾಲೆಂಡರನ್ನೂ ನೋಡಲಿಲ್ಲ.

"ಪ್ರಯತ್ನ ಮಾಡಾಣ ಅಣ್ಣಾರೆ," ಎಂದಳು.

ದಿನಾ ಮಧ್ಯಾಹ್ನ ಹರಿಹರದಿಂದ ರೈಲಿಗೆ ಬರುತ್ತಿದ್ದಳು. ಮೇಜನ್ನು ಬೆರಳಲ್ಲಿ ತಟ್ಟುತ್ತ, ಒಂದು ತಟ್ಟಿಗೆ ಒಂದು ಅಕ್ಷರದಂತೆ ಅವನಿಂದ ಪೇಪರು ಓದಿಸುತ್ತಿದ್ದಳು. ತಟ್ಟುತ್ತಿದ್ದರೆ ಮಾತು ಬರುತ್ತಿತ್ತು. ನಿಲ್ಲಿಸಿದರೆ ನಿಲ್ಲುತ್ತಿತ್ತು. ಒಂದು ದಿನ ಅವನ ಮಾತನ್ನೇ ಪೆಟ್ಟಿಗೆಯಲ್ಲಿ ಹಾಕಿ ಕೇಳಿಸಿದಳು. ಕರಿಬಸವರಾಜನ ಮುಖ ಸುಣ್ಣವಾಯಿತು. ಇಷ್ಟು ವರ್ಷ ಜನರ ಕಿವಿಗೆ ಬೀಳುತ್ತಿದ್ದುದು ಇದೇನೋ ಎಂದು ಅವನಿಗೆ ಅಳು ಬಂತು. ಕಸ್ತೂರಮ್ಮ ಅಡಿಗೆಮನೆಯಿಂದ ಹೊರಗೆ ಬಂದು, "ಅದನ್ನ ಬಂದ್ ಮಾಡ್ರಿ. ನಮಗಿದು ದಿನಾ ಕೇಳೋದೇ, ನಮಗೇನೂ ಆಗಿಲ್ಲ. ಅವ್ರಿಗ್ಯಾಕ ಕೇಳಿಸ್ತೀರಿ," ಎಂದಳು. ಕಮಲ ತಕ್ಷಣ ಪೆಟ್ಟಿಗೆ ಮುಚ್ಚಿದಳು.

ಒಂದು ದಿನ ಅವನು ಮನೆಯಲ್ಲಿರಲಿಲ್ಲ. ಕಮಲ ಜಿನ್ನಿಂಗ್ ಕಾರ್ಖಾನೆಗೇ ಹುಡುಕಿಕೊಂಡು ಹೋದಳು. ಒಳಗೆ ಯಂತ್ರಗಳ ಆರ್ಭಟ ಕಿವಿ ಕಿತ್ತುಹೋಗುವ ಹಾಗಿತ್ತು. ಕರಿಬಸವರಾಜ ಮೇಸ್ತ್ರಿಯ ಮುಂದೆ ನಿಂತು ಕೈ ಬೀಸಿ ಬೈಯುತ್ತಿದ್ದ. ಅವಳು ಹತ್ತಿರ ಹೋಗಿ ಅವನ ತುಟಿಗಳನ್ನೇ ನೋಡಿದಳು. ಎಲ್ಲೂ ಸಿಕ್ಕಿಕೊಳ್ಳದೆ, ನೆಲಕ್ಕೆ ಕಾಲು ಬಡಿಯದೆ, ಹೊಳೆ ಹರಿದಂತೆ ಬೈಗುಳ ಹೊರಡುತ್ತಿತ್ತು. ಕೈ ಹಿಡಿದು ಹೊರಗೆ ಕರೆತಂದು, "ಒಳಗೆ ನೀವು ಉಗ್ಗಲಿಲ್ಲ ಅಣ್ಣಾರೆ, ಗೊತ್ತೈತಾ ನಿಮಗೆ?" ಎಂದಳು.

ಅವನಿಗೆ ಗೊತ್ತಿರಲಿಲ್ಲ. ಹೇಗೆ ಗೊತ್ತಾಗಬೇಕು, ಅವನ ಮಾತು ಅವನಿಗೇ ಕೇಳಿಸುತ್ತಿರಲಿಲ್ಲ. ಮೇಸ್ತ್ರಿಗೂ ಕೇಳಿಸುತ್ತಿರಲಿಲ್ಲ, ಆ ಪುಣ್ಯಾತ್ಮ ಇಷ್ಟು ವರ್ಷ ಬರೀ ತಲೆ ಆಡಿಸಿಕೊಂಡು ಸಂಬಳ ತೆಗೆದುಕೊಂಡಿದ್ದ. ಕಮಲ ಖುಷಿಯಲ್ಲಿ ವಿವರಿಸಿದಳು. ತನ್ನ ಮಾತು ತನ್ನ ಕಿವಿಗೆ ಬೀಳದಿದ್ದರೆ ಕೆಲವರಿಗೆ ಉಗ್ಗು ಬರುವುದಿಲ್ಲ, ಪುಸ್ತಕದಲ್ಲಿ ಓದಿದ್ದೆ, ಇವತ್ತು ಕಣ್ಣಾರೆ ಕಂಡೆ ಎಂದಳು. ಇದನ್ನು ಇನ್ನೂ ಪರೀಕ್ಷೆ ಮಾಡಬೇಕು, ಅವಸರ ಬೇಡ ಎಂದೂ ಹೇಳಿದಳು. ಅವಸರ ಬೇಡ ಎಂದದ್ದು ಕರಿಬಸವರಾಜನ ತಲೆಗೆ ಹೋಗಲಿಲ್ಲ. ಕಿವಿಗೆ ಬೀಳಬಾರದು ಎಂಬುದೊಂದೇ ಹೋಯಿತು.

ಕಿವಿ ಮುಚ್ಚುವುದಕ್ಕೆ ಹತ್ತಿ ವ್ಯಾಪಾರಿಗೆ ಏನು ಬರ? ಹೊಸ ಕಾಯಿದೆಯ ಮೊದಲ ದಿನ ಅವನು ತನ್ನ ಜಿನ್ನಿನಿಂದಲೇ ಒಳ್ಳೆಯ ಉದ್ದನೆಯ ಎಳೆಯ ಹತ್ತಿಯನ್ನು ಆರಿಸಿ, ಉಂಡೆ ಮಾಡಿ, ಎರಡೂ ಕಿವಿಗೆ ಒತ್ತಿ ತುಂಬಿಕೊಂಡು, ಮೇಲೆ ರುಮಾಲು ಸುತ್ತಿ ಮಾರುಕಟ್ಟೆಗೆ ಹೋದ. ಯಾರಿಗೂ ಹೇಳಲಿಲ್ಲ.

ಗುಮಾಸ್ತ ಒಂದು ರಾಶಿಯ ಮುಂದೆ ನಿಂತು ಸವಾಲು ಶುರು ಮಾಡಿದ. ಯಾರು ಎಷ್ಟು ಕೂಗಿದರೆಂದು ಕರಿಬಸವರಾಜನಿಗೆ ಕೇಳಿಸಲಿಲ್ಲ. ಬಾಯಿಗಳು ಆಡುವುದು ಮಾತ್ರ ಕಂಡಿತು, ದರವನ್ನು ಅಂದಾಜಿನಲ್ಲೇ ಹಿಡಿದ. ಕಿವಿ ಮುಚ್ಚಿದ್ದರಿಂದ, ಕೆಮ್ಮಿ ಗಂಟಲು ಸರಿಮಾಡಿಕೊಂಡ ಸದ್ದು ಹೊರಗೆ ಹೋಗುವ ಬದಲು ತಲೆಬುರುಡೆಯೊಳಗೇ ಗುಂಯ್‌ಗುಟ್ಟಿತು. ಆದರೂ ಧೈರ್ಯ ಮಾಡಿ, "ಐದು ಮ್ಯಾಲೆ," ಎಂದ. ಹಿಂದಿನ ಸವಾಲಿಗಿಂತ ಐದು ರೂಪಾಯಿ ಹೆಚ್ಚು ಎಂದರ್ಥ. ಗುಮಾಸ್ತನ ಬಾಯಿ ಮತ್ತೆ ಆಡಿತು. ಬೇರೆ ಯಾರೋ ಏರಿಸಿದರು ಎಂದುಕೊಂಡು ಕರಿಬಸವರಾಜ ಮತ್ತೆ, "ಐದು ಮ್ಯಾಲೆ," ಎಂದ. ಎಲ್ಲರ ಮುಖ ಅವನ ಕಡೆ ತಿರುಗಿತು. ಹಲ್ಲುಗಳು ಕಂಡವು. ಇನ್ನೂ ಪೈಪೋಟಿ ಇದೆ ಎಂದು ಅವನು ಮೂರನೇ ಸಲ ಏರಿಸುವಷ್ಟರಲ್ಲಿ ಬಕ್ಕೇಶಪ್ಪ ಓಡಿ ಬಂದು ರುಮಾಲನ್ನು ಕಿತ್ತ.

ತನ್ನ ಸವಾಲಿನ ಮೇಲೆ ತಾನೇ ಸವಾಲು ಕೂಗಿದ್ದ. ಕಿವಿಯಿಂದ ಹತ್ತಿ ಹೊರಗೆ ಇಣುಕುತ್ತಿತ್ತು. ಮಾರುಕಟ್ಟೆ ಹೊಟ್ಟೆ ಹಿಡಿದು ನಕ್ಕಿತು. ನಗುವವರ ಮುಂದೆ ಎಡವಿ ಬಿದ್ದಂತಾಯಿತು ಎನ್ನುತ್ತಾರಲ್ಲ, ಇವನು ಎಡವಿದ್ದಷ್ಟೇ ಅಲ್ಲ, ಎದ್ದು ಮತ್ತೆ ಎಡವಿದ್ದ.

ಆ ಸಂಜೆ ಬಕ್ಕೇಶಪ್ಪ ಪಡಸಾಲೆಯಲ್ಲಿ ಕೂತು ಮೆಲ್ಲಗೆ, ಅಕ್ಕನ ಕಡೆ ನೋಡದೆ ಹೇಳಿದ. "ಬರೋ ಸೋಮವಾರ ಇನ್ನೊಂದು ಸಲ ನಿಂತ್ಕಳ್ರಿ ಭಾವ. ಅವತ್ತೂ ಹಿಂಗೇ ಆದ್ರೆ ಅಂಗಳಕ್ಕೆ ನಾನು ಹೋಗ್ತೀನಿ. ನೀವು ಬ್ಯಾಡ ಅನ್ನಬಾರ್ದು. ಮಂಡಿ ಇಬ್ಬರ್ದೂ ಐತೆ." ಕರಿಬಸವರಾಜ ತಲೆಯಾಡಿಸಿದ. ಮಾತು ನ್ಯಾಯವಾಗಿತ್ತು.

ಮರುದಿನ ಕಮಲ ಬಂದಾಗ ಅವನು ಮುಖ ತಿರುಗಿಸಿ ಕೂತಿದ್ದ. ಮಾರುಕಟ್ಟೆಯ ಸುದ್ದಿ ಕೇಳಿ ಅವಳೂ ಬಹಳ ನೊಂದುಕೊಂಡಿದ್ದಳು. ಕಿವಿಗೆ ಹತ್ತಿ ಇಟ್ಟರೆ ತನ್ನ ದನಿ ಇನ್ನೂ ಜೋರಾಗಿ ಕೇಳಿಸುತ್ತದೆ, ನಾನು ಬಿಡಿಸಿ ಹೇಳಬೇಕಿತ್ತು ಎಂದಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು.

"ಆ ರಾಶಿಗೆ ಐದು ಏರಿಸೋ ಅಷ್ಟು ಬೆಲೆ ಇತ್ತೇನ್ರಿ?"

ಇರಲಿಲ್ಲ. ಮೂರು ಸಾಕಾಗಿತ್ತು.

"ಮತ್ಯಾಕ ಐದು ಅಂದ್ರಿ?"

ಕರಿಬಸವರಾಜ ಅವಳ ಕಡೆ ತಿರುಗಿ ಕೂತ. ಈ ಗುಟ್ಟನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. "ಮೂ… ಮೂ… ಅದು ಬರಲ್ಲ ತಾಯಿ," ಎಂದ. "ಐದು ಬರ್ತದೆ."

ಒಮ್ಮೆ ಬಾಯಿ ಬಿಟ್ಟ ಮೇಲೆ ಉಳಿದದ್ದೂ ಹೊರಬಂತು, ತುಂಡು ತುಂಡಾಗಿ. ಹೋಟೆಲಿಗೆ ಹೋದರೆ ಬೆಣ್ಣೆದೋಸೆ ತಿನ್ನುವ ಆಸೆ, ಬಾಯಲ್ಲಿ ಬರುವುದು ಇಡ್ಲಿ, ಹಾಗಾಗಿ ಇಡ್ಲಿ ತಿಂದೇ ವಯಸ್ಸಾಗಿದೆ. ಮಗಳಿಗೆ ತನ್ನ ಅವ್ವ ಮರುಳಸಿದ್ದಮ್ಮನ ಹೆಸರಿಡಬೇಕೆಂದಿತ್ತು, ಕರೆಯಲು ಬಾರದೆಂದು ಅಕ್ಕನಾಗಮ್ಮ ಎಂದು ಇಟ್ಟ. ಅವ್ವ ಸಾಯುವತನಕ ಆ ಕೊರಗಿನಲ್ಲೇ ಇದ್ದಳು. ಒಳ್ಳೆಯ ಮಗಳು, ಒಳ್ಳೆಯ ಹೆಸರು. ಆದರೂ ಕರೆದಾಗಲೆಲ್ಲ ಅವ್ವನಿಗೆ ಮೋಸ ಮಾಡಿದೆ ಎನಿಸುತ್ತದೆ. ಇಷ್ಟನ್ನು ಹೇಳುವಷ್ಟರಲ್ಲಿ ಅವನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಒಳಗೆ ಕಸ್ತೂರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬಾಗಿಲ ಮರೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಕಮಲ ಅಂದು ಪೆಟ್ಟಿಗೆ ತೆರೆಯಲಿಲ್ಲ. ಮೇಜನ್ನೂ ತಟ್ಟಲಿಲ್ಲ. "ನಾಳೆ ನೀವು ಹರಿಹರಕ್ಕೆ ಬರ್ರಿ," ಎಂದಷ್ಟೇ ಹೇಳಿ ಎದ್ದಳು.

ಹರಿಹರದಲ್ಲಿ ಅವನನ್ನು ಬಲ್ಲವರು ಕಡಿಮೆ. ಅವಳನ್ನು ಬಲ್ಲವರೋ ಬೀದಿಗೆ ಹತ್ತು ಜನ. ದೇವಸ್ಥಾನದ ಬೀದಿಯಲ್ಲಿ ನಡೆಯುತ್ತ ಅವಳು ಹೇಳಿದಳು. ಪ್ರೊಫೆಸರು ಕಲಿತ ದೇಶದಲ್ಲಿ ಒಂದು ಪದ್ಧತಿ ಇದೆ. ಉಗ್ಗುವವನಿಗೆ ಉಗ್ಗನ್ನು ಮುಚ್ಚಿಡಬೇಡ ಎನ್ನುತ್ತಾರೆ. ಬೇಕೆಂತಲೇ ಉಗ್ಗು, ಬೀದಿಯಲ್ಲಿ ನಿಂತು ಉಗ್ಗು, ಹೆದರಿಕೆ ಸವೆಯುವತನಕ ಉಗ್ಗು ಎನ್ನುತ್ತಾರೆ. ಕಲಿಸುವವನೂ ಮೊದಲು ತಾನು ಹಾಗೆ ಮಾಡಿ ತೋರಿಸಬೇಕು. ನಾನು ಇಷ್ಟು ದಿನ ಆ ಪಾಠವನ್ನು ಬಿಟ್ಟು ಬಿಟ್ಟು ಓದಿದ್ದೆ ಎಂದಳು. ಕರಿಬಸವರಾಜನಿಗೆ ಇದು ತಲೆಬುಡ ಅರ್ಥವಾಗಲಿಲ್ಲ. ಹುಚ್ಚು ಬಿಡಿಸಲು ಹುಚ್ಚನಾಗು ಅಂದ ಹಾಗಾಯಿತಲ್ಲ ಎಂದುಕೊಂಡ.

ನಾಗಕ್ಕನ ಹಣ್ಣಿನ ಅಂಗಡಿಯ ಮುಂದೆ ಕಮಲ ನಿಂತಳು. ನಾಗಕ್ಕ ಅವಳನ್ನು ಎತ್ತಿ ಆಡಿಸಿದವಳು.

"ನಾಗಕ್ಕ, ಬಾ… ಬಾ… ಬಾ…"

ಕರಿಬಸವರಾಜ ಬೆಚ್ಚಿ ನೋಡಿದ. ಅವಳ ಕತ್ತು ಬಿಗಿದಿತ್ತು, ಕಣ್ಣು ಮಾತ್ರ ನಾಗಕ್ಕನ ಮೇಲೆಯೇ ಇತ್ತು. ಹಣ್ಣಿಗೆ ನೀರು ಚಿಮುಕಿಸುತ್ತಿದ್ದ ನಾಗಕ್ಕನ ಕೈ ನಿಂತಿತು. ಅವಳು ಮೊದಲು ಕಮಲಳನ್ನು ನೋಡಿದಳು, ಆಮೇಲೆ ಹಣ್ಣನ್ನು ನೋಡಿದಳು, ಆಮೇಲೆ ಬೀದಿಯನ್ನು ನೋಡಿದಳು.

"ಬಾಳೆಹಣ್ಣೇನವ್ವ? ತಗಾ ತಗಾ, ಹೇಳಾದು ಬ್ಯಾಡ ಬಿಡು," ಎಂದು ಗಡಿಬಿಡಿಯಲ್ಲಿ ಚಿಪ್ಪು ಕೈಗಿಟ್ಟಳು. ಕಾಸನ್ನೂ ತೆಗೆದುಕೊಳ್ಳಲಿಲ್ಲ. "ಯಾವಾಗಿಂದ ಇದು? ಮೈಸೂರ್ನಾಗೆ ಅಂಟಿಸ್ಕಂಡ್ಯಾ? ಉಗ್ಗೋರ್ನ ಅಣಕಿಸಿದ್ರೆ ಅಂಟ್ತದೆ ಅಂತ ನೀನು ಈ ಓದಿಗೆ ಹೋದಾಗ್ಲೇ ನಿಮ್ಮವ್ವಗೆ ಹೇಳಿದ್ದೆ ನಾನು."

ಇಬ್ಬರೂ ಹೊಳೆಯ ಸೇತುವೆಯವರೆಗೆ ನಡೆದರು. ಕಮಲಳ ಮುಖ ಕೆಂಪಾಗಿತ್ತು. ಸಂಜೆಯೊಳಗೆ ಕಾಟಪ್ಪನ ಮಗಳು ಕಮಲಳಿಗೆ ಉಗ್ಗು ಬಂದಿದೆ ಎಂದು ಊರೆಲ್ಲ ಸುದ್ದಿ ಹೋಗುತ್ತದೆ, ಅವ್ವ ಓದೂ ಬೇಡ ಮೈಸೂರೂ ಬೇಡ ಎಂದು ಗೋಳಾಡುತ್ತಾಳೆ, ಇದೆಲ್ಲ ಅವಳಿಗೆ ಗೊತ್ತಿತ್ತು. ಕರಿಬಸವರಾಜನಿಗೆ ಮೊದಲು ನಗು ಬಂತು. ಆಮೇಲೆ ನಗು ನಿಂತಿತು. ಅವನ ಉಗ್ಗಿಗೆ ಮದ್ದು ಕೊಟ್ಟವರಿದ್ದರು, ಹರಕೆ ಹೊತ್ತವರಿದ್ದರು, ಹೊಡೆದವರಿದ್ದರು. ಅದರೊಳಗೆ ಇಳಿದು ನೋಡಿದವರು ಈವರೆಗೆ ಯಾರೂ ಇರಲಿಲ್ಲ.

"ಸು… ಸುಡ್ತೇನವ್ವ?" ಎಂದು ಕೇಳಿದ.

"ಸುಡ್ತು ಅಣ್ಣಾರೆ. ಆಕಿ ನನ್ನ ಮುಖ ನೋಡ್ಲೇ ಇಲ್ಲ." ಕಮಲ ಸೇತುವೆಯ ಕಟ್ಟೆಗೆ ಒರಗಿದಳು. "ನಾನು ನಿಮ್ಮ ಉಗ್ಗು ತೆಗೀತೀನಿ ಅಂದ್ಕಂಡು ಬಂದೆ. ಸೋಮವಾರದ ಒಳಗೆ ಆಗಲ್ಲ. ಎಂದಿಗಾದ್ರೂ ಆಗ್ತದೋ ಇಲ್ವೋ, ಅದೂ ಗೊತ್ತಿಲ್ಲ. ಆದ್ರೆ ಒಂದು ಹೇಳ್ತೀನಿ. ಉಗ್ಗೋದ್ರಿಂದ ನಿಮಗೆ ಲುಕ್ಸಾನು ಆಗಿಲ್ಲ. ಉಗ್ಗಬಾರ್ದು ಅಂತ ಬ್ಯಾರೆ ಮಾತು ಆಡಿ ಆಡಿ ಆಗೈತೆ. ಮೂರು ಅನ್ನಬೇಕಿದ್ರೆ ಮೂರೇ ಅನ್ರಿ. ಎಷ್ಟೊತ್ತು ಹಿಡಿದ್ರೂ ಹಿಡೀಲಿ."

"ಗು… ಗುಮಾಸ್ತ ಕಾಯ್ಬೇಕಲ್ಲ," ಎಂದ ಕರಿಬಸವರಾಜ.

ಕಮಲ ಒಂದು ಬಾಳೆಹಣ್ಣು ಮುರಿದು ಅವನ ಕೈಗಿಟ್ಟಳು. ಅಂದು ಹಿಂದಿರುಗುವ ಮುನ್ನ ಅವನು ಹರಿಹರದಲ್ಲಿ ದಾರಿಹೋಕರನ್ನು ನಿಲ್ಲಿಸಿ ನಿಲ್ಲಿಸಿ ಗೊತ್ತಿದ್ದ ದಾರಿಯನ್ನೇ ಕೇಳಿದ. ಮೂ, ಮೂ ಎಂದು ಗುದ್ದಾಡಿ ಮೂರು ಗಂಟೆಯ ಬಸ್ಸು ಹೋಯಿತೇ ಎಂದು ಕೇಳಿದ. ಕೆಲವರು ನಕ್ಕರು, ಕೆಲವರು ಕೈಸನ್ನೆ ಮಾಡಿದರು, ಒಬ್ಬ ಇವನು ಕಿವುಡನೆಂದು ಕಿರುಚಿದ. ಬೆವರಿದ, ಅವಮಾನವಾಯಿತು, ಸಾಯಲಿಲ್ಲ. ಭಾನುವಾರದವರೆಗೆ ದಿನವೂ ಹೋಗಿ ಅದನ್ನೇ ಮಾಡಿದ.

ಸೋಮವಾರ ಅಂಗಳದಲ್ಲಿ ಜನ ಎಂದಿಗಿಂತ ಹೆಚ್ಚಿದ್ದರು. ಹೋದ ವಾರದ ತಮಾಷೆ ಈ ವಾರವೂ ಸಿಗುತ್ತದೆಂಬ ಆಸೆ ಇರಬೇಕು. ಕಮಲ ಬಕ್ಕೇಶಪ್ಪನ ಪಕ್ಕದಲ್ಲಿ ಕಂಬಕ್ಕೆ ಒರಗಿ ನಿಂತಿದ್ದಳು. ಲೋಕಿಕೆರೆಯ ಚೌಡವ್ವ ಎಂಬ ಮುದುಕಿ ತನ್ನ ಹತ್ತಿಯ ರಾಶಿಯ ಮೇಲೆಯೇ ಕಾಲು ನೀಡಿ ಕೂತಿದ್ದಳು. ಗಂಡ ಸತ್ತ ಮೇಲೆ ಹೊಲವನ್ನು ತಾನೇ ಮಾಡಿಸುವ ಗಟ್ಟಿ ಹೆಂಗಸು, ಬಾಯಿ ಇನ್ನೂ ಗಟ್ಟಿ. ಕರಿಬಸವರಾಜ ಅವಳ ಹತ್ತಿಯನ್ನು ಎಳೆದು ನೋಡಿದ. ಒಳ್ಳೆಯ ಮಾಲು. ಇದರ ಬೆಲೆ ಎಲ್ಲಿಗೆ ನಿಲ್ಲಬೇಕೆಂದು ಅವನ ಬೆರಳಿಗೆ ಗೊತ್ತಾಯಿತು.

ಸವಾಲು ಏರಿತು. ಒಬ್ಬೊಬ್ಬರೇ ಹಿಂದೆ ಸರಿದರು. ಕೊನೆಗೊಬ್ಬ ವ್ಯಾಪಾರಿ ಒಂದು ದರ ಕೂಗಿ ಕೈಕಟ್ಟಿ ನಿಂತ.

"ಒಂದನೇ ಸಲ," ಎಂದ ಗುಮಾಸ್ತ.

ಅದರ ಮೇಲೆ ಮೂರು. ಸರಿಯಾದ ಬೆಲೆ ಅದೇ. ಕರಿಬಸವರಾಜ ಬಾಯಿ ತೆರೆದ. "ಮೂ…" ತುಟಿಗಳು ಅಂಟಿಕೊಂಡವು. ಕಾಲು ನೆಲ ತಟ್ಟಲು ಹೋಯಿತು, ತಡೆದ. "ಮೂ… ಮೂ…" ಎಲ್ಲೋ ಒಬ್ಬ ಕಿಸಕ್ಕೆಂದ.

"ಎರಡನೇ ಸಲ."

ನಾಲಗೆಯ ತುದಿಯಲ್ಲೇ ಐದು ನಿಂತಿತ್ತು. ಬಿಟ್ಟರೆ ನೀರಿನಂತೆ ಹೊರಬೀಳುತ್ತಿತ್ತು. ಅಂಗಳವೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು. ಬಕ್ಕೇಶಪ್ಪ ಒಂದು ಹೆಜ್ಜೆ ಮುಂದೆ ಬಂದ. ಗುಮಾಸ್ತ ಮೂರನೇ ಸಲಕ್ಕೆ ಬಾಯಿ ತೆರೆದ.

"ತಡಿಯಪ್ಪ," ಎಂದಳು ಚೌಡವ್ವ, ಕೂತಲ್ಲಿಂದಲೇ. "ಆತ ಏನೋ ಹೇಳಾಕತ್ಯಾನಲ್ಲ."

"ಹೊತ್ತಾಗ್ತದೆ ಅಜ್ಜಿ, ಇನ್ನೂ ಭಾಳ ರಾಶಿ ಅವೆ," ಎಂದ ಗುಮಾಸ್ತ.

"ಆಗ್ಲಿ ಬಿಡು. ಇಷ್ಟು ವರ್ಷ ವಲ್ಲಿ ಕೆಳಗೆ ಏನು ಹಿಸುಕಾಡ್ತೀರೋ ಅಂತ ಬಾಯಿ ಮುಚ್ಕಂಡು ಕಾದೀನಿ. ಇವತ್ತು ಕಿವೀಲಿ ಕೇಳೋಕೆ ಒಂದು ಗಳಿಗೆ ಕಾಯಾಕಾಗಲ್ಲೇನು? ಹತ್ತಿ ನಂದು. ನನ್ನ ರೊಕ್ಕ ಆತನ ಬಾಯಾಗೆ ಸಿಕ್ಕೊಂಡೈತೆ. ಅದು ಹೊರಗ್ ಬರೋತನಕ ನಾನು ಯಾರಿಗೂ ಕೊಡಾಕಿಲ್ಲ." ಕಿಸಕ್ಕೆಂದವನ ಕಡೆ ತಿರುಗಿದಳು. "ನೀನು ಹೆಚ್ಚಿಗೆ ಕೊಡ್ತೀಯಾ? ಇಲ್ಲಂದ್ರೆ ಹಲ್ಲು ಮುಚ್ಚು."

ಅದು ಕನಿಕರವಲ್ಲ. ಕನಿಕರ ಹೇಗಿರುತ್ತದೆಂದು ಕರಿಬಸವರಾಜನಿಗೆ ಚೆನ್ನಾಗಿ ಗೊತ್ತಿತ್ತು, ಅದು ಮುಖ ನೋಡುವುದಿಲ್ಲ. ಈ ಮುದುಕಿ ಅವನ ಬಾಯನ್ನೇ ದಿಟ್ಟಿಸಿ ನೋಡುತ್ತಿದ್ದಳು, ಅವನ ಮಾತು ಅವಳಿಗೆ ಬೇಕಾಗಿತ್ತು. ಅಂಗಳ ಸದ್ದಿಲ್ಲದೆ ನಿಂತಿತು. ಅಷ್ಟೊಂದು ಜನ ತನ್ನ ಒಂದು ಮಾತಿಗಾಗಿ ಕಾದದ್ದನ್ನು ಅವನು ಹುಟ್ಟಿದಾರಭ್ಯ ಕಂಡಿರಲಿಲ್ಲ. ಈ ಸಲ ಕಣ್ಣು ಮುಚ್ಚಲಿಲ್ಲ.

"ಮೂ… ಮೂ… ಮೂ…" ಎಷ್ಟು ಹೊತ್ತಾಯಿತೋ, ಅದು ಬಂತು. "ಮೂರು ಮ್ಯಾಲೆ."

ಎದುರು ವ್ಯಾಪಾರಿ ತಲೆ ಅಲ್ಲಾಡಿಸಿ ಹಿಂದೆ ಸರಿದ. ಗುಮಾಸ್ತ ಮತ್ತೆ ಮೂರು ಸಲ ಕೇಳಿ, ರಾಶಿ ಕರಿಬಸವರಾಜನದು ಎಂದು ಬರೆದುಕೊಂಡ. ಬಕ್ಕೇಶಪ್ಪ ಕಂಬದ ಹತ್ತಿರಕ್ಕೆ ವಾಪಸು ಹೋಗಿ ನಿಂತ. ಕಮಲ ಸೆರಗಿನಿಂದ ಮೂಗು ಒರೆಸಿಕೊಂಡಳು.

ಚೌಡವ್ವನಿಗೆ ಮಾತ್ರ ಸಮಾಧಾನವಾಗಿರಲಿಲ್ಲ. ಸೊಂಟಕ್ಕೆ ಕೈ ಕೊಟ್ಟು ಎದ್ದು ನಿಂತು, "ಇಷ್ಟೊತ್ತು ಕಾಯಿಸಿ ಮೂರೇನೋ ಸಾವ್ಕಾರ?" ಎಂದಳು. "ಐದಾದ್ರೂ ಬರ್ತದೆ ಅಂದ್ಕಂಡಿದ್ದೆ."

ಅವನು ಅವಳಿಗೆ ಉತ್ತರ ಕೊಟ್ಟ, ಇಡೀ ಅಂಗಳಕ್ಕೆ ಕೇಳುವ ಹಾಗೆ, ಎಡವುತ್ತ, ನಿಲ್ಲುತ್ತ, ಅವಸರವಿಲ್ಲದೆ. "ಐದು ನ… ನಂಗೆ ಸ… ಸಲೀಸಾಗಿ ಬರ್ತದೆ ಅವ್ವ. ಅದ್… ಅದ್ಕೇ ಹೇ… ಹೇಳ್ಲಿಲ್ಲ."

ಯಾರೂ ಅವನ ಮಾತನ್ನು ನಡುವೆ ಮುಗಿಸಲು ಹೋಗಲಿಲ್ಲ.